ಸರ್ವರ್ ಕಚೇರಿಯಲ್ಲೇ ಇರಲಾ, ಬೆಂಗಳೂರಿಗೆ ಹೋಗಲಾ?

ವಿಜಯಪುರದ ಒಂದು ಇಲಾಖೆ ಕಚೇರಿಗೆ ಹೊಸ ತಂತ್ರಾಂಶ ಬರುತ್ತಿದೆ ಅಂದುಕೊಳ್ಳಿ. ಅದನ್ನು ನಡೆಸುವ ಕಂಪ್ಯೂಟರ್, ಅಂದರೆ ಸರ್ವರ್, ಇಡುವುದೆಲ್ಲಿ? ಕಚೇರಿಯ ಮೂಲೆ ಕೋಣೆಯಲ್ಲೋ, ಸರ್ಕಾರಿ ಸರ್ವರ್‌ಗಳನ್ನು ಒಂದೆಡೆ ಇಡುವ ಬೆಂಗಳೂರಿನ ರಾಜ್ಯ ಡೇಟಾ ಸೆಂಟರಿನಲ್ಲೋ?

ಕಚೇರಿಯಲ್ಲೇ ಇಟ್ಟರೆ ಇಂಟರ್ನೆಟ್ ಹೋದರೂ ಒಳಗಿನ ಕೆಲಸ ನಿಲ್ಲುವುದಿಲ್ಲ. ಕೆಟ್ಟರೆ ಊರಿನ ಸರ್ವಿಸ್ ಹುಡುಗನೇ ಬರುತ್ತಾನೆ. ಆದರೆ ಏಪ್ರಿಲ್-ಮೇ ಬಿಸಿಲಿಗೆ ಎಸಿ ಹಗಲೂ ರಾತ್ರಿ ಓಡಬೇಕು, ಯುಪಿಎಸ್ ಬ್ಯಾಟರಿ ಬದಲಿಸುತ್ತಿರಬೇಕು. ಬ್ಯಾಕಪ್ ಕೂಡ ಅದೇ ಕೋಣೆಯಲ್ಲಿದ್ದರೆ, ಬೆಂಕಿ ಬಿದ್ದಾಗ ಮೂಲವೂ ಹೋಗುತ್ತದೆ, ನಕಲೂ ಹೋಗುತ್ತದೆ. ಇನ್ನು ಸೈಬರ್ ದಾಳಿ ಗೊತ್ತಾದರೆ 6 ಗಂಟೆಯೊಳಗೆ ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕು, ಲಾಗ್‌ಗಳನ್ನು (ಯಾವಾಗ ಏನು ನಡೆಯಿತು ಎಂದು ಕಂಪ್ಯೂಟರ್ ತಾನೇ ಬರೆದಿಡುವ ದಾಖಲೆ) 180 ದಿನ ಉಳಿಸಬೇಕು. 2022ರಿಂದ ಇದೇ ನಿಯಮ. ಇರುವ ಫೈಲುಗಳ ಜೊತೆ ಗುಮಾಸ್ತರಿಗೆ ಇದೂ ಬೇಕಾ?

ಡೇಟಾ ಸೆಂಟರಿನಲ್ಲಿ ಕರೆಂಟು, ಎಸಿ, ಕಾವಲಿನ ಚಿಂತೆ ಅವರದು. ತಂತ್ರಾಂಶದೊಳಗಿನ ತಪ್ಪು ಮಾತ್ರ ನಿಮ್ಮದೇ. ಅದಕ್ಕೆ ಬೇರೆ ಸಪೋರ್ಟ್ ಒಪ್ಪಂದ ಬೇಕು, ಇದನ್ನು ಮರೆಯಬೇಡಿ. ಕಚೇರಿಯನ್ನು ಡೇಟಾ ಸೆಂಟರಿಗೆ ಜೋಡಿಸುವ ಸರ್ಕಾರಿ ಜಾಲ ಕೆಸ್ವಾನ್ ಕಡಿದರೆ ಕೌಂಟರ್ ಮುಂದೆ ಸಾಲು ಬೆಳೆಯುತ್ತದೆ, ಅಲ್ವಾ? ಎರಡನೇ ಲೈನ್ ಇರಲಿ.

ಜನರ ದಾಖಲೆ ಇದ್ದರೆ ನನ್ನ ಓಟು ಡೇಟಾ ಸೆಂಟರಿಗೆ. ಸುಮ್ನೆ ಸ್ಟೋರಿನ ಸಾಮಾನಿನ ಲೆಕ್ಕವಾದರೆ ಕಚೇರಿಯ ಒಂದು ಕಂಪ್ಯೂಟರ್ ಸಾಕು.