ಕಾರು ಮಾರೋ ಮುಂಚೆ ಟೈರ್ ಹಾಕಿಸಬೇಕಾ, ಹಾಗೇ ಕೊಡಬೇಕಾ?

ದಾವಣಗೆರೆಯಲ್ಲಿ ಹಳೇ ಕಾರು ಮಾರಲು ಹೊರಟಿದ್ದೀರಾ? ಮೊದಲು ಟೈರ್ ಪಕ್ಕ ಕುಕ್ಕರಗಾಲಲ್ಲಿ ಕೂತು ನೋಡಿ. ಗೀರುಗಳ ಒಳಗೆ ಸಣ್ಣ ಉಬ್ಬುಗಳಿರುತ್ತವೆ. ಬಟನ್, ಅಂದರೆ ರಸ್ತೆಗೆ ತಾಗುವ ರಬ್ಬರ್ ಅಚ್ಚು, ಸವೆದು ಅವುಗಳ ಮಟ್ಟಕ್ಕೆ ಬಂದಿದ್ದರೆ ಉಳಿದಿರುವುದು 1.6 ಮಿಲಿಮೀಟರ್ ಅಷ್ಟೇ. ಬದಿಯಲ್ಲಿ 2319 ಅಂತಿದ್ದರೆ ಅದು 2019ರ 23ನೇ ವಾರದ ಟೈರ್.

ಶೋರೂಮ್‌ಗೆ ಎಕ್ಸ್‌ಚೇಂಜ್ ಕೊಡುವುದಾದರೆ ಹಾಗೇ ಕೊಡಿ. ಟೈರ್ ನೋಡಿ ಒಂದಿಷ್ಟು ಮುರಿದುಕೊಳ್ಳುತ್ತಾರೆ, ನಿಜ. ಆದರೆ ಹೊಸದಕ್ಕೆ ಹಾಕಿದ ದುಡ್ಡು ಪೂರ್ತಿ ವಾಪಸ್ ಬರುವುದು ಕಷ್ಟ.

ನೇರವಾಗಿ ಓಡಿಸುವವರಿಗೇ ಮಾರಿದರೆ ಲೆಕ್ಕ ಬೇರೆ. ನುಣ್ಣಗಾದ ಟೈರ್ ಕಂಡರೆ ಇಂಜಿನ್ ಮೇಲೂ ಅನುಮಾನ ಬರುತ್ತದೆ, ಅಲ್ವಾ? ಎರಡು ಸವೆದಿದ್ದರೆ ಎರಡೇ ಹಾಕಿಸಿ, ಸುಮ್ನೆ ನಾಲ್ಕೂ ಬೇಡ. ಒಳಗಿನ ತಂತಿ ಕಾಣುತ್ತಿದ್ದರೆ ಮಾತ್ರ ಯಾರಿಗೇ ಆಗಲಿ, ಬದಲಿಸಿಯೇ ಕೊಡಿ. ಕೊಂಡವರು ಮಕ್ಕಳನ್ನು ಕೂರಿಸಿಕೊಂಡು ಮಳೆಯಲ್ಲಿ ಹೆದ್ದಾರಿ 48ರಲ್ಲೇ ಹುಬ್ಬಳ್ಳಿಗೆ ಹೋಗುವವರು.