ಚಿಮಣಿಯ ಹೊಗೆಯನ್ನು ಲೇಸರ್‌ನಿಂದ ಅಳೆಯುವ ಸೇವೆ: ನಮ್ಮ ಎರಡು ದಿನಗಳ ಅನುಭವ

ನಮ್ಮ ಕಾರ್ಖಾನೆಯ ಚಿಮಣಿಯಿಂದ ಹೊರಬೀಳುವ ಸಲ್ಫರ್ ಡೈಆಕ್ಸೈಡನ್ನು ಲೇಸರ್ ಕಿರಣದ ನೆರವಿನಿಂದ ದೂರದಲ್ಲಿಯೇ ನಿಂತು ಅಳೆದುಕೊಡುವ ಸೇವೆಯೊಂದನ್ನು ಎರಡು ದಿನಗಳ ಮಟ್ಟಿಗೆ ಪಡೆದಿದ್ದೆವು. ಏಣಿ ಹತ್ತಿ, ಬಿಸಿ ಕೊಳವೆಯೊಳಗೆ ನಳಿಕೆ ತೂರಿಸಿ ಮಾದರಿ ತೆಗೆಯುವ ಕಷ್ಟವನ್ನು ವರ್ಷಗಳಿಂದ ಕಂಡಿರುವ ನನಗೆ ಇದು ದೊಡ್ಡ ನೆಮ್ಮದಿ.

ಉಪಕರಣವು 300 ನ್ಯಾನೋಮೀಟರ್ ಆಸುಪಾಸಿನ ಎರಡು ಅತಿನೇರಳೆ ತರಂಗಾಂತರಗಳನ್ನು ಹೊಗೆಯತ್ತ ಬಿಡುತ್ತದೆ. ಒಂದನ್ನು ಅನಿಲವು ಹೆಚ್ಚು ಹೀರಿಕೊಳ್ಳುತ್ತದೆ, ಇನ್ನೊಂದನ್ನು ಕಡಿಮೆ, ಹೀಗಾಗಿ ಗಾಳಿಯಲ್ಲಿ ಚದುರಿ ಹಿಂದಿರುಗುವ ಬೆಳಕುಗಳ ನಡುವಿನ ವ್ಯತ್ಯಾಸದಿಂದ ಅನಿಲದ ಪ್ರಮಾಣ ತಿಳಿಯುತ್ತದೆ. ಬೆಳಕು ಹೋಗಿ ಮರಳಲು ಹಿಡಿಯುವ ಸಮಯ ದೂರವನ್ನು ಹೇಳುತ್ತದೆ: ಒಂದು ಮೈಕ್ರೋಸೆಕೆಂಡಿಗೆ ಸುಮಾರು 150 ಮೀಟರ್. ಬರಿಗಣ್ಣಿಗೆ ತಿಳಿ ಆಕಾಶವಷ್ಟೇ ಕಾಣುತ್ತಿದ್ದ ಕಡೆ, ಪರದೆಯ ಮೇಲೆ ಅನಿಲದ ಕೆಂಪು ಪಟ್ಟಿ ಬಾಗಿ ಕೆಳಗಿಳಿಯುವುದನ್ನು ನೋಡಿ ನಾನು ನಿಜಕ್ಕೂ ಕಳವಳಗೊಂಡೆ.

ಕೊರತೆಯೂ ಇತ್ತು. ಗಂಟೆಗೆ ಎಷ್ಟು ಕಿಲೋ ಅನಿಲ ಹೊರಬೀಳುತ್ತದೆ ಎಂದು ಲೆಕ್ಕಹಾಕಲು ಗಾಳಿಯ ವೇಗ ಬೇಕೇ ಬೇಕು. ಸೇವೆಯವರು ಗಾಳಿಮಾಪಕವನ್ನು ಗೋದಾಮಿನ ಮರೆಯಲ್ಲಿ ನಿಲ್ಲಿಸಿದ್ದರಿಂದ ಮೊದಲ ದಿನದ ಲೆಕ್ಕವನ್ನು ನಾನು ಒಪ್ಪಲಿಲ್ಲ. ಮರುದಿನ ಅದನ್ನು ಬಯಲಿಗೆ ಸರಿಸಿದರಾದರೂ ದಟ್ಟ ಮಂಜಿನಿಂದಾಗಿ ಬೆಳಗಿನ ಅಳತೆ ಕೈತಪ್ಪಿತು. ಈ ಸೇವೆ ಪಡೆಯುವವರು ಗಾಳಿಮಾಪಕದ ಜಾಗವನ್ನು ಮೊದಲೇ ಕೇಳಿ ಗೊತ್ತುಮಾಡಿಕೊಳ್ಳಬೇಕು.