ಹಳೆ ಚೀಟಿ ತೋರಿಸಿ ಪಿಸಿಓಡಿ ಮಾತ್ರೆ ತರುವವರೇ, ಸ್ವಲ್ಪ ನಿಲ್ಲಿ

ಪಿಸಿಓಡಿಗೆ (ಹಾರ್ಮೋನ್ ಏರುಪೇರಾಗಿ ಮುಟ್ಟು ತಪ್ಪುವ ತೊಂದರೆ) ಎಸ್ಟ್ರೋಜನ್ ಇರುವ 21 ಮಾತ್ರೆಯ ಹಾರ್ಮೋನ್ ಸ್ಟ್ರಿಪ್ ತಗೊಳ್ಳುತ್ತಿರುವವರು ಇದನ್ನು ಓದಿ. ಅದರಲ್ಲೂ ತಲೆಶೂಲೆ ಇರುವವರು.

ನನಗೆ ನಾಲ್ಕು ತಿಂಗಳು ಮುಟ್ಟು ನಿಂತಿತ್ತು. ಕಲಬುರಗಿಯಲ್ಲೇ ಒಬ್ಬ ಡಾಕ್ಟರ್ ಹತ್ತಿರ ಹೋದೆ. ಸ್ಕ್ಯಾನ್ ನೋಡಿ ಆ ಸ್ಟ್ರಿಪ್ ಜೊತೆ ಮೆಟ್‌ಫಾರ್ಮಿನ್ 500 (ಸಕ್ಕರೆ ಕಾಯಿಲೆಗೂ ಕೊಡುವ ಮಾತ್ರೆ) ಬರೆದರು. ಮೂರು ತಿಂಗಳು ಬಿಟ್ಟು ಬನ್ನಿ ಎಂದರು. ಬಿಪಿ ನೋಡಲಿಲ್ಲ. ತಲೆನೋವು ಬರುತ್ತದಾ ಎಂದು ಕೇಳಲೂ ಇಲ್ಲ. (ಮೆಟ್‌ಫಾರ್ಮಿನ್ ಖಾಲಿ ಹೊಟ್ಟೆಗೆ ನುಂಗಿ ವಾರವಿಡೀ ಬಾತ್‌ರೂಮಿಗೆ ಓಡಾಡಿದೆ. ಊಟದ ಜೊತೆ ತಗೋಬೇಕು ಅಂತ ಗೊತ್ತಾಗಿದ್ದು ಆಮೇಲೆ.)

ಮೂರು ತಿಂಗಳಿಗೆ ನಾನು ಹೋಗಲೇ ಇಲ್ಲ. ತಿಂಗಳು ತಿಂಗಳು ಸರಿಯಾಗಿ ಮುಟ್ಟಾಗುತ್ತಿತ್ತು, ವಾಸಿಯಾಯಿತು ಅಂದುಕೊಂಡೆ. ಅದು 21 ಮಾತ್ರೆ ಮುಗಿದ ಮೇಲೆ ಬಿಡುವು ಕೊಡುವ ಏಳು ದಿನದಲ್ಲಿ ಆಗುವ ರಕ್ತಸ್ರಾವ ಅಷ್ಟೇ, ರೋಗ ವಾಸಿಯಾದ ಗುರುತಲ್ಲ. ಮೆಡಿಕಲ್‌ನವರಿಗೆ ಚೀಟಿ ತೋರಿಸಿದರೆ ಸಾಕು, ‘ಎಷ್ಟು ಕೊಡ್ಲಿರಿ ಅಕ್ಕಾರ’ ಅನ್ನುತ್ತಿದ್ದರು. ಚೀಟಿ ಮಡಚಿದಲ್ಲೇ ಹರಿದು ಎರಡಾಯಿತು, ಟೇಪ್ ಹಚ್ಚಿದೆ. ಹೀಗೆ 14 ತಿಂಗಳು.

ಮೇ ತಿಂಗಳ ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದೆ. ಕಣ್ಣ ಮುಂದೆ ಅಂಕುಡೊಂಕು ಬೆಳಕಿನ ಗೆರೆ ಮಿನುಗತೊಡಗಿತು. ಕಣ್ಣು ಉಜ್ಜಿಕೊಂಡರೂ ಹೋಗಲಿಲ್ಲ. ರೊಟ್ಟಿಯ ಎಡಗಡೆ ಅರ್ಧ ಕಾಣಿಸಲೇ ಇಲ್ಲ. ಅರ್ಧ ಗಂಟೆಗೆ ತಲೆ ಸಿಡಿಯತೊಡಗಿತು. ‘ಬಿಸಲಿಗೆ ಆಗ್ಯದ, ಮಜ್ಜಿಗಿ ಕುಡಿ’ ಎಂದರು ಅತ್ತೆ. ನಮ್ಮೂರಲ್ಲಿ ಎಲ್ಲಾ ತಲೆನೋವಿಗೂ ಬಿಸಿಲೇ ಕಾರಣ ಅಲ್ವಾ! ಮೊದಲು ವರ್ಷಕ್ಕೊಮ್ಮೆ ಬರುತ್ತಿದ್ದದ್ದು ವಾರಕ್ಕೊಮ್ಮೆ ಬರತೊಡಗಿತು. ನಾಲ್ಕನೇ ಸಲ ಎಡಗೈ ಜುಮ್ಮೆಂದಾಗ ಬೇರೆ ಡಾಕ್ಟರ್ ಹತ್ತಿರ ಓಡಿದೆ.

ಅವರು ಮೊದಲು ಬಿಪಿ ನೋಡಿದರು, 150/96. ಆಮೇಲೆ, ‘ತಲಿನೋವಿನ ಮುಂಚೆ ಕಣ್ಣ ಮುಂದ ಏನರೆ ಮಿಂಚತದೇನ್ರಿ?’ ಎಂದರು. ಹೌದೆಂದ ಕೂಡಲೇ ಆ ಹಾರ್ಮೋನ್ ಸ್ಟ್ರಿಪ್ ನಿಲ್ಲಿಸಿದರು. ಕಣ್ಣ ಮುಂದೆ ಹೀಗೆ ಮಿಂಚಿ ಬರುವ ಮೈಗ್ರೇನ್ (ತಲೆಶೂಲೆ) ಇರುವವರು ಎಸ್ಟ್ರೋಜನ್ ಇರುವ ಮಾತ್ರೆ ತಗೋಬಾರದು, ಲಕ್ವ ಹೊಡೆಯುವ ಅಪಾಯ ಜಾಸ್ತಿ. ಬಿಪಿ ಇದ್ದರಂತೂ ಇನ್ನೂ ಜಾಸ್ತಿ. ಮನೆಯಲ್ಲಿ ಯಾರಿಗಾದರೂ ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಅದನ್ನೂ ಡಾಕ್ಟರ್‌ಗೆ ಮೊದಲೇ ಹೇಳಿ. ಹಾಗಂತ ಮುಟ್ಟು ಬರದಿದ್ದರೆ ಸುಮ್ನೆ ಬಿಡುವಂತೆಯೂ ಇಲ್ಲ, ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಹೋಗುತ್ತದೆ. ನನಗೀಗ ಎಸ್ಟ್ರೋಜನ್ ಇಲ್ಲದ, ಬರೀ ಪ್ರೊಜೆಸ್ಟರಾನ್ ಹಾರ್ಮೋನಿನ ಮಾತ್ರೆ ಕೊಟ್ಟಿದ್ದಾರೆ.

ಮೊನ್ನೆ ನಾದಿನಿ ಫೋನ್ ಮಾಡಿದ್ದಳು. ‘ವೈನಿ, ನನಗೂ ಅದೇ ತ್ರಾಸ ಅದ, ನಿಮ್ಮ ಚೀಟಿ ಫೋಟೋ ಕಳಿಸ್ರಿ.’ ಕಳಿಸಲಿಲ್ಲ. ಮೊದಲು ಬಿಪಿ ನೋಡಿಸಿಕೊಂಡು ಬಾ ಎಂದೆ. ಸಿಟ್ಟಾಗಿದ್ದಾಳೆ.